ಔಟ್‌ಬೋರ್ಡ್ ರೇಸ್ ದೋಣಿ: ಹತೋಟಿ ತಪ್ಪುವ ಲಕ್ಷಣಗಳು, ಕಾರಣ ಮತ್ತು ಪರಿಹಾರ

ಹಿಂಬದಿಯ ಹಲಗೆಗೆ ಬಿಗಿದ, ಬೇಕೆಂದಾಗ ಕಳಚಿ ಒಯ್ಯಬಹುದಾದ ಎಂಜಿನ್ನಿನಿಂದ ಓಡುವ, ಸಾಮಾನ್ಯವಾಗಿ ಒಬ್ಬರೇ ಚಾಲಕರಿರುವ, ಸುಮಾರು ಮೂರರಿಂದ ಐದು ಮೀಟರ್ ಉದ್ದದ ಹಗುರ ದೋಣಿಗಳನ್ನು ಸಣ್ಣ ಔಟ್‌ಬೋರ್ಡ್ ರೇಸ್ ದೋಣಿಗಳೆನ್ನುತ್ತಾರೆ. ಇವುಗಳ ತೂಕದಲ್ಲಿ ಎಂಜಿನ್ನಿನದೂ ಚಾಲಕನದೂ ಸೇರಿದರೆ ಅರ್ಧಕ್ಕಿಂತ ಹೆಚ್ಚು. ಪೂರ್ಣ ವೇಗದಲ್ಲಿ ದೋಣಿಯ ತಳದ ಬಹುಭಾಗ ನೀರನ್ನು ಬಿಟ್ಟು ಮೇಲಿರುತ್ತದೆ. ಅಂಗೈಯಗಲದ ಒಂದೆರಡು ಜಾಗ ಮತ್ತು ಪ್ರೊಪೆಲ್ಲರ್ ಮಾತ್ರ ನೀರಿಗೆ ತಾಕುತ್ತಿರುತ್ತವೆ. ಆದ್ದರಿಂದ ದೊಡ್ಡ ದೋಣಿಯಲ್ಲಿ ಗಮನಕ್ಕೇ ಬಾರದ ಮೂರು ಮಿಲಿಮೀಟರ್ ವ್ಯತ್ಯಾಸ ಇಲ್ಲಿ ಮೂತಿ ಕುಣಿಯುವುದಕ್ಕೆ, ಅಕ್ಕಪಕ್ಕ ಹೊಯ್ದಾಡುವುದಕ್ಕೆ, ತಿರುವಿನಲ್ಲಿ ಗಿರ್ರನೆ ತಿರುಗಿಬಿಡುವುದಕ್ಕೆ, ಕೊನೆಗೆ ಗಾಳಿಗೆದ್ದು ಮಗುಚುವುದಕ್ಕೂ ಸಾಕಾಗುತ್ತದೆ. ಈ ದೋಷಗಳ ಪತ್ತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಗತಿಯೆಂದರೆ ದೋಷ ಕಾಣುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ ಎಂಬುದು. ಮುಂದೆ ಕುಣಿಯುವ ಮೂತಿಗೆ ಕಾರಣ ಹಿಂದಿನ ತಳದ ಉಬ್ಬಿನಲ್ಲಿರಬಹುದು. ಎಂಜಿನ್ ಕೆಟ್ಟಂತೆ ಕೇಳಿಸುವ ಸದ್ದಿಗೆ ಕಾರಣ ಪೆಟ್ರೋಲ್ ಟ್ಯಾಂಕಿನ ಒಂದು ಕೊಳವೆ ಇರಬಹುದು.

ಹಿನ್ನೆಲೆ

ಔಟ್‌ಬೋರ್ಡ್ ಎಂಜಿನ್ನನ್ನು ಜನಸಾಮಾನ್ಯರ ಕೈಗೆ ತಲುಪಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಲೆ ಎವಿನ್‌ರೂಡ್. ಮಿಲ್ವಾಕಿಯಲ್ಲಿ 1909ರಲ್ಲಿ ಅವನು ಮಾರಾಟಕ್ಕಿಟ್ಟ ಎಂಜಿನ್ನಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕೆ.ಜಿ. ಅದೇ ರಾಜ್ಯದ ಸೀಡರ್‌ಬರ್ಗ್‌ನಲ್ಲಿ ಕಾರ್ಲ್ ಕೀಕಾಫರ್ 1939ರಲ್ಲಿ ಶುರುಮಾಡಿದ ಕಾರ್ಖಾನೆ ಮುಂದೆ ಮರ್ಕ್ಯುರಿ ಎಂಜಿನ್‌ಗಳಿಂದ ಹೆಸರಾಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕೆರೆ ನದಿಗಳಲ್ಲಿ ಹಬ್ಬಿದ ಸಣ್ಣ ದೋಣಿಗಳ ರೇಸಿಗೆ ಈ ಎಂಜಿನ್‌ಗಳೇ ದೊಡ್ಡ ಆಸರೆಯಾದವು. ಅಲ್ಲಿನ ರೇಸುಗಳ ನಿಯಮಗಳನ್ನು 1903ರಲ್ಲಿ ಹುಟ್ಟಿದ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ ನೋಡಿಕೊಳ್ಳುತ್ತದೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಆ ಕೆಲಸ 1922ರಲ್ಲಿ ಬೆಲ್ಜಿಯಮ್ಮಿನಲ್ಲಿ ಸ್ಥಾಪನೆಯಾದ, ಈಗ ಮೊನಾಕೋದಲ್ಲಿರುವ ಯು.ಐ.ಎಂ. ಸಂಸ್ಥೆಯದು.

ದೋಣಿಯ ಆಕಾರದಲ್ಲಿ ಮೂರು ಮುಖ್ಯ ಬಗೆಗಳಿವೆ. ಚಪ್ಪಟೆ ಅಥವಾ ಕಿರುಗೋನದ ತಳವಿರುವ ರನ್‌ಅಬೌಟ್ ಮೊದಲನೆಯದು. ಮುಂದೆ ಎರಡು ಪಕ್ಕಗಳಲ್ಲಿ ಸ್ಪಾನ್ಸನ್ ಎಂಬ ಹೊರಚಾಚಿದ ಕಾಲುಗಳಿದ್ದು, ಅವೆರಡರ ಮೇಲೂ ಹಿಂದಿನ ಪ್ರೊಪೆಲ್ಲರಿನ ಮೇಲೂ ನಿಂತು ಓಡುವ ಹೈಡ್ರೋಪ್ಲೇನ್ ಎರಡನೆಯದು. ಈ ಮೂರು ಬಿಂದುಗಳ ವಿನ್ಯಾಸವನ್ನು 1930ರ ದಶಕದಲ್ಲಿ ರೂಢಿಗೆ ತಂದವರು ನ್ಯೂಜೆರ್ಸಿಯ ವೆಂಟ್ನರ್ ಬೋಟ್ ವರ್ಕ್ಸ್‌ನ ಏಪೆಲ್ ತಂದೆಮಗ. ಎರಡು ಕಿರಿದಾದ ತಳಗಳ ನಡುವೆ ಗಾಳಿ ಹಾಯುವ ಸುರಂಗವಿರುವ ಟನಲ್ ದೋಣಿ ಮೂರನೆಯದು. ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದ ಏಂಜೆಲೋ ಮೊಲಿನಾರಿ ಇದನ್ನು ಬೆಳೆಸಿದ. ಅವನ ಮಗ ರೆನಾಟೋ 1981ರಲ್ಲಿ ಫಾರ್ಮುಲಾ ಒನ್ ದೋಣಿ ರೇಸಿನ ಮೊದಲ ವಿಶ್ವ ಚಾಂಪಿಯನ್ ಆದ. ಭಾರತದಲ್ಲಿ ಈ ಫಾರ್ಮುಲಾ ಒನ್ ಟನಲ್ ದೋಣಿಗಳು 2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿ ಬಳಿ ಕೃಷ್ಣಾ ನದಿಯಲ್ಲಿ ಓಡಿದವು.

ದೋಣಿ ನೀರಿನ ಮೇಲೆ ನಿಲ್ಲುವ ಬಗೆ

ನಿಂತ ದೋಣಿಯನ್ನು ಹೊರುವುದು ಅದು ಪಕ್ಕಕ್ಕೆ ತಳ್ಳಿದ ನೀರು. ವೇಗ ಹೆಚ್ಚಿದಂತೆ ತಳಕ್ಕೆ ಅಪ್ಪಳಿಸುವ ನೀರೇ ದೋಣಿಯನ್ನು ಮೇಲೆತ್ತತೊಡಗುತ್ತದೆ. ಆಗ ನಾಲ್ಕು ಬಲಗಳು ಒಂದಕ್ಕೊಂದು ಸರಿದೂಗಬೇಕು: ಕೆಳಗೆಳೆಯುವ ತೂಕ, ಮೇಲೆತ್ತುವ ನೀರು, ಮುಂದೆ ನೂಕುವ ಪ್ರೊಪೆಲ್ಲರ್, ಮತ್ತು ವೇಗ ಏರಿದಂತೆ ತಾನೂ ಎತ್ತತೊಡಗುವ ಗಾಳಿ. ನೀರು ಎತ್ತುವ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ. ಮೂತಿ ಮೇಲೆದ್ದರೆ ಅದು ಹಿಂದಕ್ಕೆ ಸರಿಯುತ್ತದೆ, ಇಳಿದರೆ ಮುಂದಕ್ಕೆ. ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನ ಡೇನಿಯಲ್ ಸವಿಟ್ಸ್‌ಕಿ 1964ರಲ್ಲಿ ಪ್ರಕಟಿಸಿದ ಪ್ರಬಂಧ ಈ ಲೆಕ್ಕವನ್ನು ಸೂತ್ರಗಳಿಗೆ ಇಳಿಸಿತು. ಮೂತಿ ಯಾವ ಕೋನ ದಾಟಿದರೆ ಕುಣಿತ ಶುರುವಾಗುತ್ತದೆ ಎಂಬ ಗಡಿಯೂ ಅದರಲ್ಲಿದೆ. ವೇಗದ ದೋಣಿಗಳನ್ನು ವಿನ್ಯಾಸ ಮಾಡುವವರು ಇಂದಿಗೂ ಮೊದಲು ತೆರೆಯುವುದು ಅದನ್ನೇ.

ಪ್ರೊಪೆಲ್ಲರ್ ಬರೀ ನೂಕುವುದಿಲ್ಲ. ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುವ ಪ್ರೊಪೆಲ್ಲರ್, ಅದರ ಪ್ರತಿಕ್ರಿಯೆಯಾಗಿ ದೋಣಿಯನ್ನು ಎಡಮಗ್ಗುಲಿಗೆ ವಾಲಿಸುತ್ತದೆ. ರೇಸ್ ದೋಣಿಗಳಲ್ಲಿ ಅದರ ಮೇಲರ್ಧ ಗಾಳಿಯಲ್ಲಿ, ಕೆಳಗಿನರ್ಧ ನೀರಿನಲ್ಲಿ ಇರುವುದರಿಂದ ಹಿಂಬದಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಮೇಲಕ್ಕೂ ಎತ್ತುತ್ತದೆ. ಹೀಗೆ ಪ್ರೊಪೆಲ್ಲರಿನ ಮೇಲೆಯೇ ಹಿಂಭಾಗವನ್ನು ಹೊರಿಸುವ ಉಪಾಯ ಎಷ್ಟು ದೂರ ಒಯ್ಯಬಲ್ಲದು ಎಂಬುದನ್ನು 1950ರ ಜೂನ್ 26ರಂದು ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ‘ಸ್ಲೋ-ಮೋ-ಶನ್ 4’ ತೋರಿಸಿತು: ಗಂಟೆಗೆ 160.323 ಮೈಲಿ, ಅಂದರೆ 258 ಕಿ.ಮೀ. ಅದು ಔಟ್‌ಬೋರ್ಡ್ ಅಲ್ಲ, ಒಳಗೆ ವಿಮಾನದ ಎಂಜಿನ್ ಹೊತ್ತ ದೊಡ್ಡ ದೋಣಿ. ಆದರೂ ಇಂದಿನ ಪುಟ್ಟ ಹೈಡ್ರೋಪ್ಲೇನ್ ಓಡುವುದು ಅದೇ ತತ್ವದ ಮೇಲೆ.

ಮೊದಲು ನೋಡಬೇಕಾದವು

ದೋಣಿ ಹತೋಟಿಗೆ ಸಿಗುತ್ತಿಲ್ಲವೆಂದರೆ ಹೊಸಬರ ಕೈ ಮೊದಲು ಪ್ರೊಪೆಲ್ಲರಿಗೆ ಹೋಗುತ್ತದೆ, ಏಕೆಂದರೆ ಬದಲಿಸಲು ಅದೇ ಸುಲಭ. ಇದು ತಪ್ಪು ಕ್ರಮ. ಸ್ಟೀರಿಂಗ್, ತಳ, ತೂಕ ಈ ಮೂರನ್ನು ದಡದಲ್ಲೇ ನೋಡಿ ಮುಗಿಸದೆ ಬೇರೆ ಯಾವ ಹೊಂದಾಣಿಕೆಗೂ ಅರ್ಥವಿಲ್ಲ.

ಸ್ಟೀರಿಂಗ್ ಚಕ್ರವನ್ನು ಒಬ್ಬರು ಅಲುಗದಂತೆ ಹಿಡಿಯಬೇಕು. ಇನ್ನೊಬ್ಬರು ಎಂಜಿನ್ನಿನ ಕೆಳಭಾಗವನ್ನು ಎರಡೂ ಕೈಗಳಿಂದ ಅತ್ತಿತ್ತ ಅಲ್ಲಾಡಿಸಬೇಕು. ಕೈಗೆ ಸಡಿಲ ಸಿಕ್ಕಿದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೇ ಮೊದಲ ಕೆಲಸ. ಸಣ್ಣ ಹೈಡ್ರೋಪ್ಲೇನ್‌ಗಳಲ್ಲಿ ಉಕ್ಕಿನ ಕೇಬಲ್ ರಾಟೆಗಳ ಮೇಲೆ ಹಾದು ಎಂಜಿನ್ನಿಗೆ ಸೇರುತ್ತದೆ. ಕೇಬಲ್ ಎಳೆದುಕೊಂಡು ಉದ್ದವಾಗಿರಬಹುದು, ರಾಟೆಯ ಗೂಟ ಸವೆದಿರಬಹುದು, ಎಂಜಿನ್ ತಿರುಗುವ ಕೀಲಿನ ಬುಷ್ ಹೋಗಿರಬಹುದು. ಎಂಜಿನ್ ಹೊತ್ತ ಹಿಂಬದಿಯ ಹಲಗೆಯೇ, ಅಂದರೆ ಟ್ರಾನ್ಸಮ್ಮೇ, ಒಳಗೆ ನೀರು ಕುಡಿದು ಮೆತ್ತಗಾಗಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ನಿನ ತಲೆಯನ್ನು ಹಿಡಿದು ಹಿಂದೆಮುಂದೆ ಜಗ್ಗಿದಾಗ ಹಲಗೆ ಬಾಗುವುದು ಗೊತ್ತಾಗುತ್ತದೆ.

ಇನ್ನು ತಳ. ದೋಣಿಯನ್ನು ಮಗುಚಿ ಹಾಕಿ, ಹಿಂದಿನ ಮೂರನೇ ಒಂದು ಭಾಗದ ಮೇಲೆ ಉದ್ದನೆಯ ನೇರಪಟ್ಟಿ ಇಟ್ಟು, ಅದರಡಿ ಬೆಳಕು ತೂರುತ್ತದೆಯೇ ಎಂದು ನೋಡಬೇಕು. ಪಟ್ಟಿಯ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ತಗ್ಗಿದೆ. ಈ ತಗ್ಗು ಹಿಂಬದಿಯನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ, ವೇಗ ಕದಿಯುತ್ತದೆ. ಪಟ್ಟಿಯ ತುದಿಗಳಲ್ಲಿ ಬೆಳಕು ಕಂಡರೆ ತಳ ಉಬ್ಬಿದೆ. ಉಬ್ಬಿದ ತಳ ಹಿಂಬದಿಯನ್ನು ನೀರಿಗೆ ಹೀರಿಕೊಂಡು ಮೂತಿಯನ್ನು ಎತ್ತಿ ಕುಣಿಸುತ್ತದೆ. ಒಂದೆರಡು ಮಿಲಿಮೀಟರ್ ಸಾಕು. ಇವು ಹುಟ್ಟುವುದು ಬಹಳ ಸಲ ನೀರಿನಲ್ಲಲ್ಲ, ದಾರಿಯಲ್ಲಿ. ಟ್ರೇಲರಿನ ಆಸರೆ ಹಲಗೆ ಟ್ರಾನ್ಸಮ್ಮಿನ ತನಕ ಬಾರದೆ ಮೊದಲೇ ನಿಂತಿದ್ದರೆ, ಎಂಜಿನ್ ಹೇರಿಕೊಂಡ ದೋಣಿ ರಸ್ತೆಯ ಪ್ರತಿ ಹಳ್ಳದಲ್ಲೂ ಕುಲುಕಿ ತಳ ಶಾಶ್ವತವಾಗಿ ಬಾಗುತ್ತದೆ. ತಳದ ಹಿಂದಿನ ಅಂಚುಗಳನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಅವು ಮೊನಚಾಗಿದ್ದರೆ ನೀರು ಅಲ್ಲೇ ಕಡಿದು ಬಿಡುತ್ತದೆ. ಉಜ್ಜಿ, ಬಣ್ಣ ಬಳಿದು ಗುಂಡಗಾಗಿದ್ದರೆ ನೀರು ಅಂಚನ್ನು ಸುತ್ತಿಕೊಂಡು ಮೇಲೇರಿ ಹಿಂಬದಿಯನ್ನು ಕೆಳಗೆಳೆಯುತ್ತದೆ. ಹೊಸ ಬಣ್ಣ ಬಳಿದ ಮೇಲೆ ದೋಣಿ ನಿಧಾನವಾಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ತೂಕವನ್ನು ಊಹಿಸದೆ ತೂಗಬೇಕು. ಎರಡು ತೂಕದ ಯಂತ್ರಗಳಿದ್ದರೆ ತೂಕಕೇಂದ್ರವನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿಯಬಹುದು. ದೋಣಿ, ಎಂಜಿನ್, ಪೆಟ್ರೋಲ್, ಜೀವರಕ್ಷಕ ಜಾಕೆಟ್ ತೊಟ್ಟ ಚಾಲಕ ಎಲ್ಲ ಸೇರಿ 200 ಕೆ.ಜಿ. ಎಂದಿಟ್ಟುಕೊಳ್ಳಿ. ಹಿಂದಿನ ಯಂತ್ರ ಟ್ರಾನ್ಸಮ್ಮಿನ ಕೆಳಗೆ, ಮುಂದಿನದು ಅಲ್ಲಿಂದ 2.4 ಮೀಟರ್ ಮುಂದೆ. ಮುಂದಿನದು 60 ಕೆ.ಜಿ. ತೋರಿಸಿದರೆ, 60ನ್ನು 2.4ರಿಂದ ಗುಣಿಸಿ 200ರಿಂದ ಭಾಗಿಸಬೇಕು: ತೂಕಕೇಂದ್ರ ಟ್ರಾನ್ಸಮ್ಮಿನಿಂದ 72 ಸೆಂ.ಮೀ. ಮುಂದಿದೆ. ಇದೇ ಲೆಕ್ಕದಲ್ಲಿ 75 ಕೆ.ಜಿ.ಯ ಚಾಲಕ ಮಂಡಿಯೂರಿದ ಜಾಗದಿಂದ 10 ಸೆಂ.ಮೀ. ಮುಂದೆ ಸರಿದರೆ ಇಡೀ ದೋಣಿಯ ತೂಕಕೇಂದ್ರ ಸುಮಾರು 4 ಸೆಂ.ಮೀ. ಮುಂದೆ ಬರುತ್ತದೆ. ಯಾವ ಬೋಲ್ಟ್ ಬಿಚ್ಚಿ ಬಿಗಿದರೂ ಇಷ್ಟು ದೊಡ್ಡ ಬದಲಾವಣೆ ಇಷ್ಟು ಸುಲಭವಾಗಿ ಸಿಗದು. ಹಳೆಯ ಮರದ ದೋಣಿಯಾದರೆ ಋತುವಿನ ಶುರುವಿನಲ್ಲೂ ಕೊನೆಯಲ್ಲೂ ತೂಗಬೇಕು. ಪ್ಲೈವುಡ್ಡೂ ತೇಲಲು ತುಂಬಿದ ಫೋಮೂ ಸದ್ದಿಲ್ಲದೆ ನೀರು ಕುಡಿಯುತ್ತವೆ, ಅದೂ ಹೆಚ್ಚಾಗಿ ಹಿಂಭಾಗದಲ್ಲಿ.

ಎಂಜಿನ್ನಿನ ಎತ್ತರ ಮತ್ತು ಓರೆ

ದೋಣಿಯ ತಳಕ್ಕೂ ಪ್ರೊಪೆಲ್ಲರಿನ ದಂಡದ ನಡುಗೆರೆಗೂ ಇರುವ ಅಂತರವೇ ಎಂಜಿನ್ನಿನ ಎತ್ತರ. ತಳಕ್ಕೆ ನೇರಪಟ್ಟಿ ಒತ್ತಿಹಿಡಿದು ಹಿಂದಕ್ಕೆ ಚಾಚಿ, ಅಲ್ಲಿಂದ ದಂಡದ ನಡುವಿಗೆ ಅಳೆಯಬೇಕು. ಟ್ರಾನ್ಸಮ್ಮಿನ ಮೇಲಂಚಿನಿಂದ ಅಳೆದರೆ ಪ್ರಯೋಜನವಿಲ್ಲ, ಏಕೆಂದರೆ ದೋಣಿಯಿಂದ ದೋಣಿಗೆ ಆ ಅಂಚು ಬದಲಾಗುತ್ತದೆ. ಎಂಜಿನ್ನನ್ನು ಎತ್ತಿದಷ್ಟೂ ನೀರಿನಲ್ಲಿ ಎಳೆದಾಡುವ ಕೆಳಭಾಗ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಮಿತಿ ಮೀರಿ ಎತ್ತಿದರೆ ಪ್ರೊಪೆಲ್ಲರ್ ಗಾಳಿ ಹೀರುತ್ತದೆ, ತಂಪುಗೊಳಿಸುವ ನೀರು ಎಂಜಿನ್ನಿಗೆ ಹೋಗದೆ ಅದು ಕಾದುಕೊಳ್ಳುತ್ತದೆ, ಸ್ಟೀರಿಂಗಿನ ಮಾತನ್ನು ದೋಣಿ ಕೇಳುವುದಿಲ್ಲ. ಒಂದು ಸಲಕ್ಕೆ ಮೂರು ಮಿಲಿಮೀಟರಿಗಿಂತ ಹೆಚ್ಚು ಬದಲಿಸದಿರುವುದು ಒಳ್ಳೆಯದು. ಎಷ್ಟೋ ವರ್ಗಗಳಲ್ಲಿ ಈ ಎತ್ತರಕ್ಕೆ ನಿಯಮವೇ ಮಿತಿ ಹಾಕುತ್ತದೆ. ರೇಸ್ ಮುಗಿದ ಮೇಲೆ ಅಧಿಕಾರಿಗಳು ಅಳೆಯುತ್ತಾರೆ.

ದಂಡ ತಳಕ್ಕೆ ಸಮಾನಾಂತರವಾಗಿದೆಯೇ, ಹೊರಕ್ಕೆ ಓರೆಯೇ, ಒಳಕ್ಕೆ ಓರೆಯೇ ಎಂಬುದು ಟ್ರಿಮ್. ಹೊರಕ್ಕೆ ಓರೆಯಾದರೆ ಮೂತಿ ಏಳುತ್ತದೆ, ಒಳಕ್ಕಾದರೆ ಇಳಿಯುತ್ತದೆ. ದೊಡ್ಡ ವರ್ಗಗಳ ಚಾಲಕರು ಓಡುತ್ತಲೇ ಗುಂಡಿ ಒತ್ತಿ ಇದನ್ನು ಬದಲಿಸಬಲ್ಲರು. ಸಣ್ಣ ಎಂಜಿನ್‌ಗಳಲ್ಲಿ ದಡದಲ್ಲೇ ತೆಳುವಾದ ಬಿಲ್ಲೆ ಇಟ್ಟು ಬಿಗಿಯಬೇಕು, ಆಮೇಲೆ ರೇಸ್ ಮುಗಿಯುವ ತನಕ ಅದೇ ಗತಿ. ಎತ್ತರ ಮತ್ತು ಓರೆ ಒಂದಕ್ಕೊಂದು ಕಟ್ಟಿಕೊಂಡಿವೆ: ಓರೆ ಬದಲಿಸಿದ ಕೂಡಲೇ ದಂಡದ ಎತ್ತರವೂ ಬದಲಾಗುತ್ತದೆ. ಓರೆ ಹೊಂದಿಸಿದ ಮೇಲೆ ಎತ್ತರವನ್ನು ಮತ್ತೆ ಅಳೆಯದಿದ್ದರೆ ಎರಡು ಬದಲಾವಣೆಗಳನ್ನು ಒಂದೆಂದು ತಿಳಿದು ಮೋಸಹೋಗುತ್ತೇವೆ.

ಮೂತಿಯ ಕುಣಿತ

ನೇರ ದಾರಿಯಲ್ಲಿ, ಅಲೆಯಿಲ್ಲದ ನೀರಿನಲ್ಲಿ, ಮೂತಿ ತಾಳಹಾಕಿದಂತೆ ಏಳುತ್ತ ಬೀಳುತ್ತ ಇದ್ದರೆ ಅದು ಈ ದೋಷ. ಮೂತಿ ಎದ್ದಾಗ ಎತ್ತುವ ಬಿಂದು ತೂಕಕೇಂದ್ರಕ್ಕಿಂತ ಹಿಂದೆ ಸರಿಯುತ್ತದೆ, ಮೂತಿ ಬೀಳುತ್ತದೆ. ಬಿದ್ದಾಗ ಆ ಬಿಂದು ಮುಂದೆ ಬಂದು ಮತ್ತೆ ಎತ್ತುತ್ತದೆ. ಪ್ರತಿ ಸುತ್ತಿಗೂ ಕುಣಿತ ಕುಗ್ಗುತ್ತ ಹೋದರೆ ತೊಂದರೆಯಿಲ್ಲ. ಹಿಗ್ಗುತ್ತ ಹೋದರೆ ದೋಣಿ ನೀರನ್ನೇ ಬಿಟ್ಟು ಜಿಗಿಯತೊಡಗುತ್ತದೆ. ಟ್ರಿಮ್ ಹೊರಕ್ಕೆ ಹೆಚ್ಚಾಗಿರುವುದು, ತೂಕ ಹಿಂದೆ ಬಿದ್ದಿರುವುದು, ತಳ ಉಬ್ಬಿರುವುದು ಮೂರು ಸಾಮಾನ್ಯ ಕಾರಣಗಳು.

ಕಾರಣಗಳನ್ನು ಬೇರ್ಪಡಿಸುವ ಸುಲಭದ ಪರೀಕ್ಷೆಯೊಂದಿದೆ. ಅದೇ ವೇಗದಲ್ಲಿ ಚಾಲಕ ಮುಂದಕ್ಕೆ ಬಾಗಿ ಎದೆಯನ್ನು ಸ್ಟೀರಿಂಗಿನ ಹತ್ತಿರ ತಂದಾಗ ಕುಣಿತ ನಿಂತರೆ ತೂಕ ಅಥವಾ ಟ್ರಿಮ್ ಕಾರಣ. ಮಂಡಿಯೂರುವ ಜಾಗವನ್ನು ಮುಂದೆ ಮಾಡಬಹುದು ಅಥವಾ ಎಂಜಿನ್ನನ್ನು ಅರ್ಧ ಡಿಗ್ರಿ ಒಳಕ್ಕೆ ತರಬಹುದು. ಬಾಗಿದರೂ ನಿಲ್ಲದಿದ್ದರೆ ಮತ್ತೆ ನೇರಪಟ್ಟಿ ತೆಗೆದುಕೊಂಡು ತಳದ ಬಳಿ ಕೂರಬೇಕು. ಮೂತಿಯನ್ನು ಹೆಚ್ಚು ಎತ್ತುವ, ಅಂದರೆ ಅಲಗುಗಳು ಹಿಂದಕ್ಕೆ ಓರೆಯಾಗಿ ಬಾಗಿರುವ ಪ್ರೊಪೆಲ್ಲರಿನಿಂದಲೂ ಕುಣಿತ ಬರುತ್ತದೆ. ಅದನ್ನು ಬದಲಿಸುವುದು ಕೊನೆಯ ಹೆಜ್ಜೆಯಾಗಿರಲಿ. ಕುಣಿತವನ್ನು ಥ್ರಾಟಲ್ ಹಿಂಡಿ ದಾಟಿಬಿಡಬಹುದು ಎಂಬ ಮಾತು ರೇಸ್ ದಡಗಳಲ್ಲಿ ಕೇಳಿಬರುತ್ತದೆ. ಕೆಲವು ದೋಣಿಗಳಲ್ಲಿ ಅದು ನಿಜವೂ ಹೌದು. ಆದರೆ ಹಿಗ್ಗುತ್ತಿರುವ ಕುಣಿತದ ಮೇಲೆ ವೇಗ ಹೇರುವುದು ದೋಣಿಯನ್ನು ಗಾಳಿಗೆ ಒಪ್ಪಿಸಿದಂತೆ. ಹೊಸಬರಿಗೆ ಈ ಸಲಹೆ ಕೊಡಲೇಬಾರದು.

ಅಕ್ಕಪಕ್ಕದ ಹೊಯ್ದಾಟ

‘ವಿ’ ಆಕಾರದ ತಳದ ದೋಣಿಗಳಲ್ಲಿ ಇದು ಹೆಚ್ಚು. ವೇಗ ಏರಿದಂತೆ ದೋಣಿ ತಳದ ನಡುವಿನ ಕಿರಿದಾದ ಪಟ್ಟಿಯೊಂದರ ಮೇಲೆ ನಿಲ್ಲುತ್ತದೆ. ಒಂದು ಮಗ್ಗುಲಿಗೆ ವಾಲಿದರೆ ಆ ಬದಿಯ ತಳ ನೀರಿಗೆ ತಾಕಿ ಎದುರು ಮಗ್ಗುಲಿಗೆ ತಳ್ಳುತ್ತದೆ, ಅಲ್ಲಿಂದ ಮತ್ತೆ ಇತ್ತ. ಚಾಲಕ ತಡವಾಗಿ ಸ್ಟೀರಿಂಗ್ ತಿರುಗಿಸಿದರೆ ಅವನ ಪ್ರತಿಯೊಂದು ತಿದ್ದುಪಡಿಯೂ ಮುಂದಿನ ವಾಲುವಿಕೆಗೆ ಜೊತೆಗೂಡುತ್ತದೆ. ಮೂರ್ನಾಲ್ಕು ಹೊಯ್ದಾಟಗಳಲ್ಲಿ ದೋಣಿ ಕೈಮೀರುತ್ತದೆ. ಎಡಕ್ಕೆ ವಾಲಿಸುವ ಪ್ರೊಪೆಲ್ಲರಿನ ಪ್ರತಿಕ್ರಿಯೆಯೂ ಇಲ್ಲಿ ಸೇರಿಕೊಳ್ಳುವುದರಿಂದ ಮೊದಲ ವಾಲು ಸಾಮಾನ್ಯವಾಗಿ ಎಡಕ್ಕೇ.

ಸ್ಟೀರಿಂಗಿನ ಸಡಿಲ ಇದರ ಮೊದಲ ಆರೋಪಿ. ಕೇಬಲಿನಲ್ಲಿ ಬೆರಳಗಲದ ಸಡಿಲವಿದ್ದರೂ ಎಂಜಿನ್ ತನ್ನಷ್ಟಕ್ಕೆ ಅತ್ತಿತ್ತ ಹೊರಳುತ್ತ ಹೊಯ್ದಾಟಕ್ಕೆ ಚಾಲನೆ ಕೊಡುತ್ತಿರುತ್ತದೆ. ಸಡಿಲ ತೆಗೆದ ಮೇಲೂ ಉಳಿದರೆ ಎಂಜಿನ್ನನ್ನು ಸ್ವಲ್ಪ ಇಳಿಸುವುದು, ಚಾಲಕನ ಆಸನವನ್ನು ನಡುಗೆರೆಯಿಂದ ಬಲಕ್ಕೆ ಸರಿಸಿ ಪ್ರತಿಕ್ರಿಯೆಯನ್ನು ಸರಿದೂಗಿಸುವುದು, ಹಿಂಬದಿಗೆ ಹೆಚ್ಚು ಆಧಾರ ಕೊಡುವ ನಾಲ್ಕು ಅಲಗಿನ ಪ್ರೊಪೆಲ್ಲರ್ ಹಾಕುವುದು ಇವು ಪರಿಹಾರಗಳು. ಉಳಿದದ್ದು ಚಾಲಕನ ಕೈಯಲ್ಲಿ. ಹೊಯ್ದಾಟ ಶುರುವಾದ ಮೇಲಲ್ಲ, ಶುರುವಾಗುವ ಮುಂಚೆಯೇ ಸಣ್ಣ ಸಣ್ಣ ತಿದ್ದುಪಡಿ ಕೊಡುವ ಅಭ್ಯಾಸ ತಿಂಗಳುಗಟ್ಟಲೆ ಓಡಿಸಿದವರಿಗೆ ಮಾತ್ರ ಬರುತ್ತದೆ.

ತಿರುವಿನ ತೊಂದರೆಗಳು

ರೇಸುಗಳು ಬಹುಮಟ್ಟಿಗೆ ಎಡತಿರುವಿನವು. ಆದ್ದರಿಂದ ಹೈಡ್ರೋಪ್ಲೇನಿನ ಎಡಬದಿಯಲ್ಲಿ ಲೋಹದ ಚಪ್ಪಟೆ ಫಿನ್ ಇರುತ್ತದೆ. ತಿರುವಿನಲ್ಲಿ ದೋಣಿ ಹೊರಕ್ಕೆ ಜಾರದಂತೆ ನೀರನ್ನು ಕಚ್ಚಿಹಿಡಿಯುವುದು ಅದರ ಕೆಲಸ. ಇಡೀ ದೋಣಿಯಲ್ಲಿ ಇಷ್ಟು ಚಿಕ್ಕದಾಗಿದ್ದು ಇಷ್ಟು ಪ್ರಭಾವವಿರುವ ಇನ್ನೊಂದು ಭಾಗವಿಲ್ಲ. ಫಿನ್ ತೂಕಕೇಂದ್ರಕ್ಕಿಂತ ತೀರ ಮುಂದಿದ್ದರೆ ಮೂತಿ ತಿರುವಿನೊಳಕ್ಕೆ ಕೊಕ್ಕೆ ಹಾಕಿದಂತೆ ನುಗ್ಗಿ ಹಿಂಬದಿ ಸುತ್ತಿಬರುತ್ತದೆ. ತೀರ ಹಿಂದಿದ್ದರೆ ದೋಣಿ ತಿರುಗಲು ಒಪ್ಪದೆ, ತಿರುವಿನ ಗುರುತಾಗಿ ತೇಲಿಬಿಟ್ಟ ಬೋಯೆಯಿಂದ ದೂರ ದೂರ ಹೋಗುತ್ತದೆ. ಒಂದು ಸೆಂಟಿಮೀಟರ್ ಸರಿಸಿದರೂ ಚಾಲಕನಿಗೆ ವ್ಯತ್ಯಾಸ ತಿಳಿಯುತ್ತದೆ. ಫಿನ್ನಿನ ಅಂಚು ಚೂಪಾಗಿಯೂ ನೇರವಾಗಿಯೂ ಇರಬೇಕು. ಮರಳುದಡಕ್ಕೆ ಒಮ್ಮೆ ತಾಗಿ ಅಂಚು ಮಡಚಿದರೆ ಅದರ ಒಂದು ಮುಖದಲ್ಲಿ ಗಾಳಿ ಹೊಕ್ಕು ತಿರುವಿನ ನಡುವೆ ಹಿಡಿತ ಕಳಚಿ ಮತ್ತೆ ಕಚ್ಚುತ್ತದೆ. ಹಾಗೆ ಕಳಚಿ ಕಚ್ಚುವುದೇ ಅಪಾಯ. ಒಂದೇ ಸಮನೆ ಜಾರುವ ದೋಣಿಯನ್ನು ಓಡಿಸಬಹುದು. ಜಾರಿ ತಟ್ಟನೆ ಕಚ್ಚುವ ದೋಣಿ ಚಾಲಕನನ್ನು ಹೊರಕ್ಕೆಸೆಯುತ್ತದೆ.

ಎಂಜಿನ್ನಿನ ತುದಿಯಲ್ಲಿರುವ ಪುಟ್ಟ ರೆಕ್ಕೆಯೂ ಚುಕ್ಕಾಣಿಯ ಕೆಲಸ ಮಾಡುತ್ತದೆ. ಅದು ಬಾಗಿದ್ದರೆ ನೇರ ದಾರಿಯಲ್ಲೂ ದೋಣಿ ಒಂದೇ ಬದಿಗೆ ಎಳೆಯುತ್ತದೆ. ಆ ಎಳೆತ ಟ್ರಿಮ್ ಬದಲಿಸಿದಾಗ ಬದಲಾದರೆ ಪ್ರೊಪೆಲ್ಲರಿನ ಪಕ್ಕಬಲ ಕಾರಣ. ಬದಲಾಗದೆ ಹಾಗೆಯೇ ಉಳಿದರೆ ಬಾಗಿದ ರೆಕ್ಕೆಯನ್ನೋ ನಡುಗೆರೆ ತಪ್ಪಿ ಬಿಗಿದ ಎಂಜಿನ್ನನ್ನೋ ನೋಡಬೇಕು.

ಪ್ರೊಪೆಲ್ಲರ್ ಹಿಡಿತ ತಪ್ಪುವುದು

ತಿರುವಿನಲ್ಲಿ ದೋಣಿ ಏಕಾಏಕಿ ಸೊರಗಿದಾಗ ಕಿವಿಯೇ ಮೊದಲ ಸಾಧನ. ಸೊರಗುವಾಗ ಎಂಜಿನ್ನಿನ ಸದ್ದು ಏರಿದರೆ ಪ್ರೊಪೆಲ್ಲರ್ ನೀರಿನ ಹಿಡಿತ ಕಳೆದುಕೊಂಡಿದೆ. ಸದ್ದು ಇಳಿದರೆ ತೊಂದರೆ ಎಂಜಿನ್ನಿನದು, ಹೆಚ್ಚಾಗಿ ಪೆಟ್ರೋಲಿನದು. ಎಡತಿರುವಿನಲ್ಲಿ ಪೆಟ್ರೋಲ್ ಟ್ಯಾಂಕಿನ ಬಲಗೋಡೆಗೆ ನುಗ್ಗುತ್ತದೆ. ಹೀರುವ ಕೊಳವೆಯ ಬಾಯಿ ಎಡಮೂಲೆಯಲ್ಲಿದ್ದರೆ ಅದು ಗಾಳಿ ಕುಡಿಯುತ್ತದೆ. ಈ ಒಂದು ಭೇದ ತಿಳಿಯದೆ ವಾರಗಟ್ಟಲೆ ಪ್ರೊಪೆಲ್ಲರ್ ಬದಲಿಸುತ್ತ ಕೂತವರಿದ್ದಾರೆ.

ಸದ್ದು ಏರುವುದಕ್ಕೂ ಕಾರಣ ಒಂದೇ ಅಲ್ಲ. ನೀರಿನ ಮೇಲ್ಮೈಯಿಂದ ಗಾಳಿ ಅಲಗುಗಳಿಗೆ ಇಳಿದು ಹಿಡಿತ ತಪ್ಪುವುದು ಸಾಮಾನ್ಯ. ನಮ್ಮ ಕರಾವಳಿಯ ನಾಡದೋಣಿ ಅಲೆಯ ನೆತ್ತಿ ದಾಟುವಾಗ ಔಟ್‌ಬೋರ್ಡ್ ಕಿರುಚುವುದೂ ಪ್ರೊಪೆಲ್ಲರಿಗೆ ಗಾಳಿ ಸಿಕ್ಕಿದ್ದರಿಂದಲೇ. ಎಂಜಿನ್ನನ್ನು ಇಳಿಸುವುದು, ಟ್ರಿಮ್ ಒಳಕ್ಕೆ ತರುವುದು, ಅಲಗಿನ ಹಿಂದಂಚನ್ನು ಕೊಂಚ ಒಳಕ್ಕೆ ಮಡಿಸುವುದು ಇದಕ್ಕೆ ಪರಿಹಾರ. ಹೀಗೆ ಮಡಿಸಿದರೆ ಪಿಚ್, ಅಂದರೆ ಜಾರದಿದ್ದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ, ಹೆಚ್ಚಿದಂತಾಗಿ ಎಂಜಿನ್ನಿನ ಸುತ್ತು ಇಳಿಯುತ್ತದೆ ಎಂಬುದು ನೆನಪಿರಬೇಕು. ಇದಕ್ಕಿಂತ ಬೇರೆಯದು, ಅಲಗಿನ ಬೆನ್ನಿನ ಮೇಲೆ ಒತ್ತಡ ತೀರ ಇಳಿದು ತಣ್ಣೀರೇ ಆವಿಯ ಗುಳ್ಳೆಗಳಾಗುವುದು. ಆ ಗುಳ್ಳೆಗಳು ಒಡೆಯುವಾಗ ಲೋಹವನ್ನು ಕೊರೆಯುತ್ತವೆ. ಅಲಗಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುರುತು ಕಂಡರೆ ಇದೇ. ಅಂಚು ನಗ್ಗಿರುವುದು ಇಲ್ಲವೆ ಎಂಜಿನ್ನಿನ ಕೆಳಭಾಗದ ಮೂತಿ ಒರಟಾಗಿರುವುದು ಸಾಮಾನ್ಯ ಮೂಲ. ಮೂರನೆಯದು ರಬ್ಬರ್ ಬುಷ್ ಇರುವ ಪ್ರೊಪೆಲ್ಲರುಗಳಲ್ಲಿ ಬುಷ್ಷೇ ಜಾರುವುದು. ಬುಷ್ಷಿನ ಒಳಭಾಗಕ್ಕೂ ಹೊರಭಾಗಕ್ಕೂ ಸೇರುವಂತೆ ಬಣ್ಣದ ಒಂದು ಗೆರೆ ಎಳೆದು ಓಡಿಸಿ ಬಂದಾಗ ಗೆರೆ ತುಂಡಾಗಿದ್ದರೆ ಜಾರಿದೆ ಎಂದರ್ಥ.

ಹಿಡಿತವನ್ನು ಅಂಕಿಯಲ್ಲಿ ಹೇಳಬೇಕೆಂದರೆ ಸ್ಲಿಪ್ ಲೆಕ್ಕ ಹಾಕುತ್ತಾರೆ. ಪ್ರೊಪೆಲ್ಲರಿನ ನಿಮಿಷದ ಸುತ್ತನ್ನು ಇಂಚಿನ ಪಿಚ್‌ನಿಂದಲೂ 0.001524ರಿಂದಲೂ ಗುಣಿಸಿದರೆ ಜಾರುವಿಕೆಯೇ ಇಲ್ಲದಿದ್ದರೆ ಬರಬೇಕಾದ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ. 7,000 ಸುತ್ತು, 9 ಇಂಚು ಪಿಚ್ ಇದ್ದರೆ ಅದು 96. ಜಿ.ಪಿ.ಎಸ್. 86 ತೋರಿಸಿದರೆ ಸ್ಲಿಪ್ ಶೇ. 10ಕ್ಕಿಂತ ತುಸು ಹೆಚ್ಚು. ಈ ಅಂಕಿ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. ಅದೇ ದೋಣಿಯಲ್ಲಿ ಮೊನ್ನೆಗಿಂತ ಇಂದು ಏರಿದ್ದರೆ ಮಾತ್ರ ಏನೋ ಬದಲಾಗಿದೆ ಎಂದು ಹೇಳುತ್ತದೆ.

ಜಪಾನಿನ ಬೋಟ್ ರೇಸ್

ಈ ಹೊಂದಾಣಿಕೆಯ ವಿದ್ಯೆಯನ್ನು ದಿನನಿತ್ಯದ ವೃತ್ತಿಯಾಗಿ ಕಾಣಬೇಕಾದರೆ ಜಪಾನಿಗೆ ಹೋಗಬೇಕು. ನಾಗಸಾಕಿ ಪ್ರಾಂತ್ಯದ ಓಮುರಾದಲ್ಲಿ 1952ರ ಏಪ್ರಿಲಿನಲ್ಲಿ ಮೊದಲ ಪಂದ್ಯ ನಡೆದ ಈ ಬಾಜಿಕಟ್ಟುವ ರೇಸ್ ಈಗ 24 ಕ್ರೀಡಾಂಗಣಗಳಲ್ಲಿ ನಡೆಯುತ್ತದೆ. ಆರು ದೋಣಿ, ಎಡತಿರುವು, 600 ಮೀಟರಿನ ಮೂರು ಸುತ್ತು. ದೋಣಿ ಮೂರು ಮೀಟರಿಗೂ ಕಡಿಮೆ ಉದ್ದದ್ದು. ಎಂಜಿನ್ ಯಮಾಟೋ ಕಂಪನಿಯ ಸುಮಾರು 400 ಸಿ.ಸಿ.ಯ ಎರಡು ಸಿಲಿಂಡರಿನದು. ಬ್ರೇಕ್ ಇಲ್ಲ, ಗೇರ್ ಇಲ್ಲ. ವಿಶೇಷವೆಂದರೆ ದೋಣಿಯೂ ಎಂಜಿನ್ನೂ ಚಾಲಕರ ಸ್ವಂತದ್ದಲ್ಲ. ಪ್ರತಿ ಸರಣಿಯ ಮೊದಲು ಚೀಟಿ ಎತ್ತಿ ಬಂದದ್ದನ್ನು ತೆಗೆದುಕೊಳ್ಳಬೇಕು. ಕೈಗೆ ಬಂದ ಅಪರಿಚಿತ ಎಂಜಿನ್ನಿನ ಗುಣದೋಷ ಗುರುತಿಸಿ ತನ್ನ ಓಟಕ್ಕೆ ಒಗ್ಗಿಸಿಕೊಳ್ಳಲು ಅವರಿಗಿರುವುದು ಕೆಲವೇ ದಾರಿಗಳು.

ಮೊದಲನೆಯದು ಎಂಜಿನ್ನಿನ ಓರೆ. ಮೈನಸ್ ಅರ್ಧ ಡಿಗ್ರಿಯಿಂದ ಮೂರು ಡಿಗ್ರಿಯ ತನಕ, ಅರ್ಧರ್ಧ ಡಿಗ್ರಿಯ ಮೆಟ್ಟಿಲುಗಳಲ್ಲಿ ಅದನ್ನು ಆರಿಸಬಹುದು. ಕೆಲವು ಕ್ರೀಡಾಂಗಣಗಳಲ್ಲಿ ಮೇಲಿನ ಮಿತಿ ಇನ್ನೂ ಕಡಿಮೆ. ಕಡಿಮೆ ಓರೆಯಲ್ಲಿ ದೋಣಿ ನೀರಿಗೆ ಅಂಟಿಕೊಂಡು ಬೇಗ ವೇಗ ಹಿಡಿಯುತ್ತದೆ, ಚೆನ್ನಾಗಿ ತಿರುಗುತ್ತದೆ. ಹೆಚ್ಚು ಓರೆಯಲ್ಲಿ ನೇರ ದಾರಿಯ ವೇಗ ಏರಿ ತಿರುವು ಒರಟಾಗುತ್ತದೆ. ಹೆಚ್ಚಿನವರು ತಳಮೆಟ್ಟಿಲನ್ನೇ ಆರಿಸುತ್ತಾರೆ, ಏಕೆಂದರೆ ಪಂದ್ಯ ತೀರ್ಮಾನವಾಗುವುದು ಮೊದಲ ತಿರುವಿನಲ್ಲಿ. ಎರಡನೆಯದು ಪ್ರೊಪೆಲ್ಲರ್. ಕೊಠಡಿಯಲ್ಲಿ ಸಾಲಾಗಿ ಕೂತು, ಎರಡಲಗಿನ ಪ್ರೊಪೆಲ್ಲರನ್ನು ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ, ಅಚ್ಚುಪಟ್ಟಿ ಹಿಡಿದು ಅಲಗಿನ ಬಾಗು ನೋಡಿ, ಮತ್ತೆ ತಟ್ಟಿ, ಅಭ್ಯಾಸದ ಓಟಕ್ಕೆ ಒಯ್ದು, ಮರಳಿ ತಂದು ತಟ್ಟುತ್ತಾರೆ. 2012ರ ತನಕ ಚಾಲಕರು ತಮ್ಮದೇ ಪ್ರೊಪೆಲ್ಲರುಗಳನ್ನು ತರಬಹುದಿತ್ತು. ಈಗ ಎಂಜಿನ್ನಿನ ಜೊತೆ ಬಂದದ್ದನ್ನೇ ತಿದ್ದಿಕೊಳ್ಳಬೇಕು. ಹಿಂದಿನ ಸರಣಿಯಲ್ಲಿ ಬೇರೊಬ್ಬರು ತಮ್ಮ ರೀತಿಗೆ ತಟ್ಟಿಟ್ಟ ಅಲಗನ್ನು ಮೊದಲು ಓದಿ, ಅದರಲ್ಲಿ ಎಷ್ಟನ್ನು ಉಳಿಸಬೇಕು ಎಂದು ತೀರ್ಮಾನಿಸುವುದು ಸುತ್ತಿಗೆ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ದೋಷ ಪತ್ತೆಯಲ್ಲಿ ಈ ಚಾಲಕರ ಸೂಕ್ಷ್ಮತೆಗೆ ಸಾಟಿಯಾದವರು ವಿರಳ.

ಗಾಳಿಗೇಳುವುದು

ಗಾಳಿ ಎತ್ತುವ ಬಲ ವೇಗದ ವರ್ಗದಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಬಲ ನಾಲ್ಕುಪಟ್ಟು. ಅದು ವರ್ತಿಸುವ ಬಿಂದು ತೂಕಕೇಂದ್ರಕ್ಕಿಂತ ಮುಂದಿರುವುದರಿಂದ ಮೂತಿ ಏಳುತ್ತದೆ. ಎದ್ದಷ್ಟೂ ಗಾಳಿಗೆ ಹೆಚ್ಚು ಮೈ ಒಡ್ಡುತ್ತದೆ. ಒಂದು ಕೋನ ದಾಟಿದ ಮೇಲೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ, ದೋಣಿ ಹಿಮ್ಮುಖವಾಗಿ ಮಗುಚುತ್ತದೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕೊನಿಸ್ಟನ್ ಸರೋವರದಲ್ಲಿ ಗಂಟೆಗೆ 480 ಕಿ.ಮೀ. ಮೀರಿದ ವೇಗದಲ್ಲಿದ್ದ ಡೊನಾಲ್ಡ್ ಕ್ಯಾಂಪ್‌ಬೆಲ್‌ನ ಜೆಟ್ ದೋಣಿ ‘ಬ್ಲೂಬರ್ಡ್ ಕೆ7’ ಹೀಗೆಯೇ ಎದ್ದು ಮಗುಚಿ ಅವನು ತೀರಿಕೊಂಡ. ಸಣ್ಣ ಹೈಡ್ರೋಪ್ಲೇನ್ ಅದರ ಕಾಲುಭಾಗಕ್ಕಿಂತಲೂ ಕಡಿಮೆ ವೇಗದಲ್ಲೇ ಹೀಗೆ ಏಳಬಲ್ಲದು, ಅದು ಅಷ್ಟು ಹಗುರ. ಮುಂಭಾಗವನ್ನು ಕವಲಿನಂತೆ ಕತ್ತರಿಸಿದ ಇಂದಿನ ವಿನ್ಯಾಸಗಳು ಮುಂದೆ ಎತ್ತುವ ಮೇಲ್ಮೈಯನ್ನು ಕಡಿಮೆ ಮಾಡಿದ್ದು ಈ ಕಾರಣಕ್ಕೆ.

ಎಚ್ಚರಿಕೆಯ ಲಕ್ಷಣಗಳು ಮೊದಲೇ ಸಿಗುತ್ತವೆ: ಸ್ಟೀರಿಂಗ್ ಹಗುರಾಗುವುದು, ಸ್ಪಾನ್ಸನ್ನುಗಳು ನೀರಿಗೆ ತಾಗುವ ಪಟಪಟ ಸದ್ದು ನಿಂತೇಹೋಗುವುದು. ಎದುರುಗಾಳಿಯ ದಿನ ನಿನ್ನೆಯ ಹೊಂದಾಣಿಕೆಯಲ್ಲೇ ಓಡಿಸಬಾರದು. ಗಂಟೆಗೆ 20 ಕಿ.ಮೀ. ಎದುರುಗಾಳಿ ಎಂದರೆ ದೋಣಿಯ ಮೈಗೆ ಅಷ್ಟೇ ವೇಗ ಹೆಚ್ಚಿದ ಹಾಗೆ. ಎಂಜಿನ್ನನ್ನು ಒಳಕ್ಕೆ ಓರೆಮಾಡುವುದು, ಮಂಡಿಯನ್ನು ಮುಂದಿಡುವುದು, ಗಾಳಿಗೆ ಎದುರಾಗುವ ಬದಿಯಲ್ಲಿ ಥ್ರಾಟಲ್ ತುಸು ಬಿಡುವುದು ಮೂರೂ ಬೇಕು. ಥ್ರಾಟಲನ್ನು ಒಮ್ಮೆಲೇ ಪೂರ್ತಿ ಬಿಡುವುದೂ ಅಪಾಯವೇ, ಏಕೆಂದರೆ ಹಿಂಬದಿ ತಟ್ಟನೆ ಕುಸಿದು ಮೂತಿ ಇನ್ನೂ ಮೇಲೇಳಬಹುದು.

ಪರೀಕ್ಷಾ ಓಟ

ಒಂದು ಓಟಕ್ಕೆ ಒಂದೇ ಬದಲಾವಣೆ. ಎತ್ತರ, ಓರೆ, ಫಿನ್ನಿನ ಜಾಗ, ಪ್ರೊಪೆಲ್ಲರಿನ ಗುರುತು, ಚಾಲಕನ ತೂಕ, ಪೆಟ್ರೋಲಿನ ಮಟ್ಟ, ಗಾಳಿ, ನೀರಿನ ಸ್ಥಿತಿ, ಎಂಜಿನ್ನಿನ ಸುತ್ತು, ವೇಗ ಎಲ್ಲವನ್ನೂ ಓಟದ ಮುಂಚೆ ಮತ್ತು ಮುಗಿದ ಕೂಡಲೇ ಬರೆದಿಡಬೇಕು. ಸಂಜೆ ನೆನಪಿಸಿಕೊಂಡು ಬರೆದದ್ದಕ್ಕೆ ಬೆಲೆಯಿಲ್ಲ. ಬದಲಾವಣೆಯಿಂದ ಒಳ್ಳೆಯದಾದಂತೆ ಕಂಡರೆ ಹಳೆಯ ಸ್ಥಿತಿಗೆ ತಂದು ಇನ್ನೊಮ್ಮೆ ಓಡಿಸಿ ಹಳೆಯ ದೋಷ ಮರಳುತ್ತದೆಯೇ ಎಂದು ನೋಡಬೇಕು. ಮರಳದಿದ್ದರೆ ದೋಷ ಹೋದದ್ದು ಬೇರಾವುದೋ ಕಾರಣಕ್ಕೆ. ದಡದಲ್ಲಿ ನಿಂತವರು ತಿರುವಿನ ಹೊರಬದಿಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ಚಾಲಕನಿಗೆ ತಿಳಿಯದ ಎಷ್ಟೋ ಸಂಗತಿಗಳು ಸಿಗುತ್ತವೆ: ಯಾವ ಸ್ಪಾನ್ಸನ್ ಮೊದಲು ಬಿಟ್ಟಿತು, ಪ್ರೊಪೆಲ್ಲರಿನ ಹಿಂದೆ ಏಳುವ ನೀರಿನ ಬಾಲ ಯಾವ ಗಳಿಗೆಯಲ್ಲಿ ಕುಸಿಯಿತು, ಫಿನ್ ಗಾಳಿ ಎಳೆದದ್ದು ಎಲ್ಲಿ.

ಪರೀಕ್ಷೆಯ ದಿನವೂ ಹೆಲ್ಮೆಟ್, ಜಾಕೆಟ್, ರಕ್ಷಣಾ ದೋಣಿ ಇರಲೇಬೇಕು. ಚಾಲಕನ ಮೈಗೆ ಕಟ್ಟಿದ ಹಗ್ಗ ಕಿತ್ತುಬಂದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನು ನೀರಿಗಿಳಿಯುವ ಮುನ್ನ ಎಂಜಿನ್ ಚಾಲೂ ಇರುವಾಗಲೇ ಎಳೆದು ಪರೀಕ್ಷಿಸಬೇಕು. ಅಮೆರಿಕದ ಸಣ್ಣ ಹೈಡ್ರೋಪ್ಲೇನುಗಳಲ್ಲಿ ಎಡಗೈಯ ಹಿಡಿಯನ್ನು ಹಿಂಡಿದಷ್ಟು ಹೊತ್ತು ಮಾತ್ರ ಥ್ರಾಟಲ್ ತೆರೆದಿರುತ್ತದೆ. ಅದರ ಸ್ಪ್ರಿಂಗ್ ತುಕ್ಕು ಹಿಡಿಯದೆ ತಾನಾಗಿ ಹಿಂದಕ್ಕೆ ಬರುತ್ತದೆಯೇ ಎಂದು ಪ್ರತಿ ಓಟಕ್ಕೂ ಮುಂಚೆ ನೋಡಬೇಕು. ಒಂಬತ್ತು ವರ್ಷದ ಮಕ್ಕಳೂ ಇಳಿಯುವ ವರ್ಗ ಅಲ್ಲಿದೆ. ಅವರ ದೋಣಿಯಲ್ಲಿ ಈ ಸ್ಪ್ರಿಂಗನ್ನೂ ಸ್ವಿಚ್ಚನ್ನೂ ಮಗುವಿನ ಕೈಯಿಂದಲೇ ಒತ್ತಿಸಿ, ಎಳೆಸಿ ನೋಡಬೇಕು; ದೊಡ್ಡವರ ಕೈಗೆ ಸಲೀಸಾಗಿ ಆಡುವ ಹಿಡಿ ಮಗುವಿನ ಬೆರಳಿಗೆ ಬಿಗಿಯಾಗಿರಬಹುದು.